ತಮಿಳಕ್ಷರದಲ್ಲಿ ಬರೆದ 'ಸಾಕು'

ಧರ್ಮಪುರಿಯ ನಮ್ಮ ಹಳೆಯ ಕಚೇರಿಯಿಂದ ಫೋನು ಬಂತು. ಹೊಸದಾಗಿ ಸೇರಿದವರ ಮುಂದೆ ನಾನು ಒಂದು ಗಂಟೆ ಮಾತಾಡಬೇಕಂತೆ. ಜೈಲಿನಿಂದ ಹೊರಬಂದವರು, ಕೋರ್ಟು ಬಿಟ್ಟರೂ ಮನಸ್ಸಿನ ಕಾಯಿಲೆ ಬಿಡದವರು, ಅವರನ್ನು ಇಟ್ಟುಕೊಂಡ ಮನೆಯವರು, ಇವರ ನಡುವೆ ಓಡಾಡುವ ಕೆಲಸ ನಿಜವಾಗಿ ಹೇಗಿತ್ತು ಎಂದು ಹೇಳಬೇಕಂತೆ. ಬೀರನನ್ನು ಮಣ್ಣು ಮಾಡಿ ಬಂದು ಅವತ್ತಿಗೆ ಒಂಬತ್ತು ದಿನ. ಬರಲಾಗುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ.

ಬೀರ ನನ್ನ ಬಂಧುವಲ್ಲ. ನನ್ನ ರಿಜಿಸ್ಟರಿನಲ್ಲಿದ್ದ ಒಂದು ಹೆಸರು. ಮಣ್ಣು ಮಾಡುವ ದಿನ ಒಬ್ಬ ಮುದುಕರು ನನ್ನ ಪಕ್ಕ ಬಂದು ಕೂತು, "ನೀನು ಇವನ್ಗೆ ಏನಾಗ್ಬೇಕವ್ವಾ?" ಎಂದು ಕೇಳಿದರು. ಆಫೀಸಿನವಳು ಎಂದೆ. "ಆಫೀಸ್ನೋರೂ ಅಳ್ತಾರಾ?" ಎಂದರು. ಕುಟುಕಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ನಿಮಗೆ ಬೇಡ. ಏರಿದ್ದೇ ಕಡಿಮೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಹಳ್ಳಿ ಸುತ್ತುವ ಕೆಲಸಕ್ಕೆ ಸೇರಿದೆ. ಓದಿದ್ದು ಹತ್ತನೆಯ ತರಗತಿ, ತಮಿಳು ಶಾಲೆ. ಮನೆಯಲ್ಲಿ ಕನ್ನಡ. ನನ್ನನ್ನು ತೆಗೆದುಕೊಂಡದ್ದೇ ಅದಕ್ಕೆ. ನಲ್ಲಂಪಳ್ಳಿ, ತೊಪ್ಪೂರು, ಮೆಟ್ಟೂರು ಕಡೆ ಪಾಲಮಲೆಯವರೆಗೆ ನಮ್ಮ ಕಾಗದಗಳಲ್ಲಿದ್ದ ಎಷ್ಟೋ ಮನೆಗಳಲ್ಲಿ ಕನ್ನಡವೇ ಮಾತು. ಕಚೇರಿಯಲ್ಲಿ ಆ ಮಾತು ತಿಳಿದವರು ನಾನೊಬ್ಬಳೇ. ಕನ್ನಡ ಮಾತಾಡುತ್ತಿದ್ದೆ, ಆದರೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದಿನದೆಲ್ಲ ಇದರಿಂದಲೇ ಆದದ್ದು.

ನಮ್ಮ ಮೇಲಿದ್ದವರು ಪರಮಶಿವಂ ಸಾರ್. ತಂಜಾವೂರು ಕಡೆಯವರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಬಂದವರು. ಬಿಳಿ ಷರಟಿನ ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಮೊದಲ ದಿನ ಅವರು ನನಗೆ ಕುರ್ಚಿ ತೋರಿಸುವ ಮೊದಲೇ, "ಸಂದೇಹಪ್ಪಡು. ಅದುದಾನ್ ವೇಲೈ" ಎಂದರು. ಅನುಮಾನ ಪಡು, ಕೆಲಸ ಎಂದರೆ ಅದೇ ಎಂದು. ಮಾತ್ರೆ ನುಂಗಿದೆ ಎಂದರೆ ನಾಲಗೆ ಎತ್ತಿಸಿ ನೋಡು. ಚೆನ್ನಾಗಿದ್ದಾನೆ ಎಂದು ತಾಯಿ ಹೇಳಿದರೆ ಪಕ್ಕದ ಮನೆಯಲ್ಲಿ ಕೇಳು. ಪಕ್ಕದ ಮನೆಯವರು ಹೇಳಿದ್ದನ್ನು ಅಂಗಡಿಯವನ ಹತ್ತಿರ ಕೇಳು. ಮೂರು ಬಾಯಿ ಒಂದೇ ಮಾತು ಹೇಳಿದರೆ ಮಾತ್ರ ನಂಬು. ಇನ್ನೊಂದು ನಿಯಮವನ್ನು ಅವರು ಗೋಡೆಗೆ ಅಂಟಿಸಿದ್ದರು: ಅವರು ಆಡಿದ ಮಾತನ್ನೇ ಬರೆ, ನಿನ್ನ ಅರ್ಥವನ್ನು ಬರೆಯಬೇಡ. "ಎಳುತ್ತು ಪೊಯ್ ಸೊಲ್ಲಾದು" ಎನ್ನುತ್ತಿದ್ದರು. ಬರಹ ಸುಳ್ಳು ಹೇಳುವುದಿಲ್ಲ.

ಅವರನ್ನು ಕೆಟ್ಟವರು ಎಂದು ತೋರಿಸಲು ಇದನ್ನು ಬರೆಯುತ್ತಿಲ್ಲ. ಅನುಮಾನದಿಂದ ಕೆಲವರ ಪ್ರಾಣ ಉಳಿದದ್ದನ್ನು ನೋಡಿದ್ದೇನೆ. ತೊಪ್ಪೂರಿನ ಹತ್ತಿರ ಒಬ್ಬ ಇದ್ದ, ಜೈಲಿನಿಂದ ಬಂದು ಟೀ ಅಂಗಡಿ ಇಟ್ಟಿದ್ದವನು. ನಾನು ಹೋದಾಗಲೆಲ್ಲ ಬೆಂಚು ಒರೆಸಿ ಕೂರಿಸಿ, ಶುದ್ಧ ತಮಿಳಿನಲ್ಲಿ "ಎಲ್ಲಾ ನಿಮ್ಮ ಆಶೀರ್ವಾದ" ಎನ್ನುವ. ಮಾತ್ರೆಯ ಡಬ್ಬಿಯನ್ನು ತಾನಾಗಿಯೇ ತಂದು ತೋರಿಸುವ. ಆರು ತಿಂಗಳು ನಾನು ಒಳಕೋಣೆಗೆ ಹೋಗಲೇ ಇಲ್ಲ. ಒಂದು ದಿನ ಸಾರ್ ಜೊತೆಗೆ ಬಂದರು. ಟೀ ಮುಟ್ಟಲಿಲ್ಲ. ಸೀದಾ ಒಳಗೆ ಹೋದರು. ಅವನ ಹೆಂಡತಿ ಮೂಲೆಯಲ್ಲಿ ಕೂತಿದ್ದಳು, ಒಂದು ಕೈ ಊದಿ ಬದನೆಕಾಯಿಯ ಹಾಗಿತ್ತು. ಹೊರಗೆ ಬಂದು ಸಾರ್ ನನಗೆ ಹೇಳಿದ್ದು ಒಂದೇ ಮಾತು: "ಅವನ ಟೀ ರುಚಿಯಾಗಿತ್ತು, ಅಲ್ಲವಾ?"

ಆಮೇಲೆ ನಾನು ಎಲ್ಲರನ್ನೂ ಅನುಮಾನಿಸತೊಡಗಿದೆ. ನಲ್ಲಂಪಳ್ಳಿಯ ಹತ್ತಿರ ಜೈಲಿನಿಂದ ಬಂದ ಒಬ್ಬ ಹೆಂಗಸು ಇದ್ದಳು. ನನ್ನನ್ನು ದೂರದಲ್ಲಿ ಕಂಡ ಕೂಡಲೇ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ವಾಪಸು ಬರುತ್ತಿದ್ದಳು. ಏನನ್ನೋ ಬಚ್ಚಿಡಲು ಓಡುತ್ತಾಳೆ ಎಂದು ಎರಡು ತಿಂಗಳು ಬರೆದೆ. ಮೂರನೆಯ ತಿಂಗಳು ಹಿಂದಿನ ಕಳ್ಳಿ ಬೇಲಿಯ ಮರೆಯಲ್ಲಿ ಕಾದು ನಿಂತು ಕೈಯಾರೆ ಹಿಡಿದೆ. ಅವಳು ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತು ಬರುತ್ತಿದ್ದಳು. "ನೀವ್ ಬತ್ತೀರಂತ ಮೇಷ್ಟ್ರ ಮನೆಯಿಂದ ಇಸ್ಕಬತ್ತೀನಿ. ನೆಲದ್ ಮ್ಯಾಲೆ ಕೂರುಸ್ಲಾ ನಿಮ್ಮ?" ಎಂದಳು. ಆ ಕುರ್ಚಿಯಲ್ಲಿ ನಾನು ಎರಡು ತಿಂಗಳಿಂದ ಕೂತು ಅವಳ ಮೇಲೆ ಅನುಮಾನ ಬರೆದಿದ್ದೆ. ಅದು ಯಾರ ಕುರ್ಚಿ ಎಂದು ಕೇಳಿರಲಿಲ್ಲ.

ನಮ್ಮನ್ನು ಊರಿನವರು ಅನುಮಾನಿಸುತ್ತಿದ್ದದ್ದೇ ಬೇರೆ ಕಥೆ. ಪಾಲಮಲೆಗೆ ಮೊದಲ ಸಲ ಹತ್ತಿ ಹೋದಾಗ ಗಂಡಸರೆಲ್ಲ ಹೊಲ ಬಿಟ್ಟು ಕಾಡಿಗೆ ನುಗ್ಗಿದರು. ನಾನು ಮಕ್ಕಳಾಗದಂತೆ ಆಪರೇಷನ್ ಮಾಡಿಸಲು ಬಂದ ನರ್ಸು ಎಂದುಕೊಂಡಿದ್ದರು. ಬೇರೆ ಊರುಗಳಲ್ಲಿ ನನಗೆ ಒಂದೇ ಹೆಸರು, ಸಿಐಡಿ. "ಏನ್ ಸಿಐಡಿ, ಇವತ್ತು ಯಾರ್ ಮನೆ ಮಡಕೆ ಮುಗುಚ್ತೀಯಾ?" ಎಂದು ಬಸ್ಸಿನಲ್ಲೇ ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ಅದು ತಮಾಷೆಯಾಗಿತ್ತು.

ಬೀರನ ಮನೆ ತೊಪ್ಪೂರು ಕಣಿವೆಯ ಮೇಲಿನ ಒಂದು ಕುರಿಹಟ್ಟಿಯಲ್ಲಿ. ಕೆಳಗೆ ಸೇಲಂ–ಬೆಂಗಳೂರು ರಸ್ತೆ. ತಿರುವುಗಳಲ್ಲಿ ಲಾರಿಗಳು ಹಗಲಿಡೀ ಹಾರನ್ ಹಾಕುತ್ತಿದ್ದವು. ಕಾಯಿಲೆ ಶುರುವಾದಾಗ ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಹಾರನ್ನು ತನ್ನ ಹೆಸರು ಹಿಡಿದು ಕೂಗುತ್ತದೆ ಎನ್ನಲು ಶುರು ಮಾಡಿದ. ಲಾರಿಯವರು ತನ್ನನ್ನು ಕರೆದೊಯ್ಯಲು ಬಂದಿದ್ದಾರೆ ಎಂದು ಕುರಿ ಬಿಟ್ಟು ಬಂಡೆಯ ಹಿಂದೆ ಕೂರುವನು. ಒಂದು ದಿನ ಕಲ್ಲು ಬೀಸಿದ. ಗಾಜು ಒಡೆದು ಡ್ರೈವರಿನ ಒಂದು ಕಣ್ಣು ಹೋಯಿತು. ಬೀರನ ಬಗ್ಗೆ ಬರೆಯುವಾಗ ಆ ಕಣ್ಣನ್ನು ಬಿಟ್ಟು ಬರೆಯಬಾರದು.

ಸೇಲಂ ಜೈಲು, ಆಮೇಲೆ ಆಸ್ಪತ್ರೆ. ಕಲ್ಲು ಎಸೆದಾಗ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ಕೋರ್ಟು ಒಪ್ಪಿ, ತಾಯಿ ಮಲ್ಲಮ್ಮನ ಜವಾಬ್ದಾರಿಗೆ ಬಿಟ್ಟಿತು. ಜಡ್ಜಿಯ ಮುಂದೆ ಮಲ್ಲಮ್ಮ ಹೇಳಿದ್ದು ಒಂದೇ ಮಾತು: "ನಾನ್ ಸಾಕ್ತೀನಿ ಸಾಮಿ." ಕುರಿ ಸಾಕುವ ಮನೆಯ ಮಾತು, ಮಗನಿಗೂ ಅದನ್ನೇ ಹೇಳಿದಳು. ಷರತ್ತು ಒಂದೇ. ನಮ್ಮ ಕಚೇರಿಯವರು ತಿಂಗಳಿಗೊಮ್ಮೆ ನೋಡಿ ಬರೆಯಬೇಕು. ಅವನಿಂದ ಯಾರಿಗಾದರೂ ಅಪಾಯ ಎಂದು ನಾವು ಬರೆದರೆ, ಅವನು ಮತ್ತೆ ಒಳಗೆ. ಅಂದರೆ ಆ ಮನೆಯಲ್ಲಿ ಅವನು ಮಲಗುವುದು, ಏಳುವುದು, ಕುರಿಯ ಹಿಂದೆ ಹೋಗುವುದು, ಎಲ್ಲವೂ ನನ್ನ ಪೆನ್ನಿನ ತುದಿಯಲ್ಲಿತ್ತು.

ಅದು ಬೀರನಿಗೆ ನನಗಿಂತ ಮೊದಲು ತಿಳಿದಿತ್ತು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಚೀಲ ಇಳ್ಸು" ಎನ್ನುತ್ತಿದ್ದ. ನಾನು ಇಳಿಸುತ್ತಿದ್ದೆ. ಛತ್ರಿ, ನೀರಿನ ಬಾಟಲಿ, ಊಟದ ಡಬ್ಬಿ, ನೋಟುಬುಕ್ಕು, ಒಂದೊಂದನ್ನೂ ಎತ್ತಿ ನೋಡಿ ಕಂಬಳಿಯ ಮೇಲೆ ಸಾಲಾಗಿ ಇಡುತ್ತಿದ್ದ.

"ಪೆನ್ನು ಬಿಚ್ಚು."

"ಪೆನ್ನಲ್ಲಿ ಏನೈತ್ಲಾ ಬೀರ?"

"ಇಂಕೈತಾ, ಇನ್ನೇನಾರ ಐತಾ, ನೋಡ್ಬೇಕು."

ಬಿಚ್ಚಿ ತೋರಿಸುತ್ತಿದ್ದೆ. ಅವನ ತಪಾಸಣೆ ಮುಗಿದ ಮೇಲೆ ನನ್ನ ಸರದಿ. ಅವನ ಮಾತ್ರೆ ಎಣಿಸುತ್ತಿದ್ದೆ, ನಾಲಗೆ ಎತ್ತಿಸುತ್ತಿದ್ದೆ. ಮಲ್ಲಮ್ಮ ಒಲೆಯ ಹತ್ತಿರ ಕೂತು, "ಒಬ್ರನ್ನ ಕಂಡ್ರೆ ಒಬ್ರಿಗೆ ನಂಬ್ಕೆ ಇಲ್ಲ. ಬೀಗರಾಗಕ್ಕೆ ಸರಿಯಾದ ಜೋಡಿ" ಎಂದು ನಗುವಳು. ನನಗೆ ಆ ಏರ್ಪಾಟು ಇಷ್ಟವಾಗಿತ್ತು. ಇಡೀ ತಾಲ್ಲೂಕಿನಲ್ಲಿ ಅನುಮಾನವನ್ನು ಎದುರಿಗೇ ತೋರಿಸುತ್ತಿದ್ದವನು ಅವನೊಬ್ಬನೇ. ಏಳೆಂಟು ತಿಂಗಳಾದ ಮೇಲೆ ಅವನಿಗೆ ಹಾರನ್ನು ಬರೀ ಹಾರನ್ನಾಗಿ ಕೇಳತೊಡಗಿತು. ಕುರಿಯ ಹಿಂದೆ ಒಬ್ಬನೇ ಹೋಗತೊಡಗಿದ. ಆದರೂ ಚೀಲ ನೋಡುವುದನ್ನು ಬಿಡಲಿಲ್ಲ.

ಅವತ್ತು ನಾನು ಹೋದಾಗ ಅವನು ಊಟಕ್ಕೆ ಕೂತಿದ್ದ. ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಬೇಕಿತ್ತು, ಅವಸರದಲ್ಲಿದ್ದೆ. ಮರುದಿನ ನನ್ನ ತಂಗಿಯ ಮದುವೆಗೆ ಹತ್ತು ದಿನ ರಜೆ ಹೋಗುವವಳಿದ್ದೆ. ಮಲ್ಲಮ್ಮ ಎರಡನೆಯ ಮುದ್ದೆ ಹಾಕಿ, ಮೂರನೆಯದಕ್ಕೆ ಕೈ ಹಾಕಿದಳು. ಬೀರ "ಸಾಕು" ಎಂದ. ಅವಳು ಕೇಳಲಿಲ್ಲ. "ಸಾಕು! ಸಾಕು!" ಎಂದು ಕೂಗಿ ಅವಳ ಕೈ ತಳ್ಳಿದ. ಮುದ್ದೆ ತಟ್ಟೆಗೆ ಬಿದ್ದು ಸಾರು ಚೆಲ್ಲಿತು. ಮಲ್ಲಮ್ಮ, "ಓಗಲಾ, ನಿನ್ ಹಸಿವ್ ನಿಂಗೇ ಗೊತ್ತಿಲ್ಲ" ಎಂದು ನೆಲ ಒರೆಸಿದಳು. ಅಷ್ಟೇ. ದಿನಾ ನಡೆಯುವ ಜಗಳ.

ಆಡಿದ ಮಾತನ್ನೇ ಬರೆ ಎಂಬುದು ಗೋಡೆಯ ನಿಯಮ. ನಾನು ಹೊಸ್ತಿಲ ಮೇಲೆ ನಿಂತೇ ತಮಿಳಿನಲ್ಲಿ ಬರೆದೆ: ಊಟದ ಹೊತ್ತಿನಲ್ಲಿ ತಾಯಿಯ ಕೈ ತಳ್ಳಿದ, ತಟ್ಟೆ ಚೆಲ್ಲಿತು, 'ಸಾಕು ಸಾಕು' ಎಂದು ಕೂಗಿದ. ಉಳಿದದ್ದೆಲ್ಲ ತಮಿಳು, ಆ ಎರಡು ಮಾತು ಮಾತ್ರ ಕನ್ನಡದ್ದು, ಬರೆದದ್ದು ತಮಿಳಕ್ಷರದಲ್ಲಿ.

ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಪದದ ನಡುವೆ ಒಂಟಿಯಾಗಿ ಬಂದರೆ ಗ ಎಂದೇ ಓದುತ್ತಾರೆ. 'ಸಾಕು' ಎಂದು ಬರೆದರೆ 'ಸಾಗು' ಎಂದು ಓದಿಸುತ್ತದೆ. 'ಸಾಗ' ಎಂದರೆ ತಮಿಳಿನಲ್ಲಿ ಸಾಯಲು. 'ಸಾಗು' ಎಂಬುದು ಸರಿಯಾದ ತಮಿಳಲ್ಲ, ಆದರೆ ಹಟ್ಟಿಯ ಹುಡುಗನೊಬ್ಬ ಹರಕು ತಮಿಳಿನಲ್ಲಿ ಬೈದ ಎಂದುಕೊಂಡು ಓದಿದರೆ 'ಸಾಯಿ' ಎಂದೇ ಅರ್ಥವಾಗುತ್ತದೆ. ಎರಡು ಕ ಕೊಟ್ಟು ಬರೆದಿದ್ದರೆ ಗೋಣಿಚೀಲ ಎಂದಾಗುತ್ತಿತ್ತು, ಓದಿದವರು ನಕ್ಕು ಬಿಡುತ್ತಿದ್ದರು. ಒಂದೇ ಕ ಬರೆದೆ. ಸಾವು ಆಯಿತು.

ನಾನು ರಜೆಯಲ್ಲಿದ್ದಾಗ ಪರಮಶಿವಂ ಸಾರ್ ರಿಜಿಸ್ಟರು ಓದಿದರು. ತಾಯಿಯನ್ನು ತಳ್ಳಿದ, 'ಸಾಯಿ, ಸಾಯಿ' ಎಂದು ಕೂಗಿದ. ಅವರು ದುಡುಕಲಿಲ್ಲ. ತಮ್ಮ ನಿಯಮದಂತೆ ಮೂರು ಬಾಯಿಯಿಂದ ಕೇಳಲು ಸ್ವತಃ ಹಟ್ಟಿಗೆ ಹೋದರು. ಮೊದಲು ಮಲ್ಲಮ್ಮನನ್ನೇ ಕೇಳಿದರು, "ಉನ್ ಮಗನ್ ಸಾಗುನ್ನು ಸೊನ್ನಾನಾ?" ನಿನ್ನ ಮಗ 'ಸಾಗು' ಎಂದನಾ ಎಂದು. ಮಲ್ಲಮ್ಮನಿಗೆ ಕೇಳಿಸಿದ್ದು 'ಸಾಕು'. ತಮಿಳು ಸಾರಿನ ಬಾಯಲ್ಲಿ ನಮ್ಮ ಮಾತು ಹೀಗೆ ತಿರುಗಿದೆ ಎಂದುಕೊಂಡಳು. "ಆಮಾ ಸಾಮಿ, ದಿನಾ ಅಂತಾನೆ" ಎಂದಳು. ಪಕ್ಕದ ಮನೆಯವನನ್ನು ಕೇಳಿದರು. "ಓ, ಜೋರಾಗೇ ಅಂತಾನೆ. ನಮ್ಮ ಮನೆಗ್ ಕೇಳ್ತದೆ." ಅಂಗಡಿಯವನನ್ನು ಕೇಳಿದರು. ಅವನೂ ಹೌದು ಎಂದ. ಮೂರು ಬಾಯಿ, ಒಂದೇ ಮಾತು. ಸಾರ್ ವಾಪಸು ಬಂದು ವರದಿ ಬರೆದರು. ನಾಲ್ಕನೆಯ ದಿನ ಜೀಪು ಬಂದು ಬೀರನನ್ನು ಸೇಲಂ ಆಸ್ಪತ್ರೆಗೆ ಕರೆದುಕೊಂಡು ಹೋಯಿತು.

ರಜೆ ಮುಗಿಸಿ ಬಂದ ದಿನ ಸಾರ್ ಕಡತವನ್ನು ನನ್ನ ಮುಂದಿಟ್ಟು, "ಒಳ್ಳೆಯ ಕೆಲಸ. ನೀನು ಬರೆಯದೆ ಇದ್ದರೆ ಒಂದು ದಿನ ಆ ಮುದುಕಿ ಹೆಣವಾಗುತ್ತಿದ್ದಳು" ಎಂದರು. ನಾನು ನನ್ನ ಕೈಬರಹವನ್ನು ಓದಿದೆ. ಇಲ್ಲಿ ನಿಮಗೆ ಹೇಳಬೇಕಾದ ಮಾತು ಇದು: ನಾನೂ 'ಸಾಯಿ' ಎಂದೇ ಓದಿದೆ. ಎದುರಿಗೆ ನಿಂತು ನೋಡಿದವಳು ನಾನು. ಹನ್ನೊಂದು ದಿನಗಳ ಹಿಂದೆ ಅವನ ಬಾಯಿಂದ 'ಸಾಕು' ಎಂದು ಕೇಳಿಸಿಕೊಂಡ ಕಿವಿ ನನ್ನದೇ. ಆದರೂ ಕಾಗದ ಸಾಯಿ ಎಂದಿತು, ನಾನು ಕಾಗದವನ್ನು ನಂಬಿದೆ. ಅವನ ಮುಖದಲ್ಲಿ ಅವತ್ತು ಸಿಟ್ಟು ಇತ್ತಲ್ಲವಾ ಎಂದು ನೆನಪು ಮಾಡಿಕೊಂಡೆ. ಸಿಟ್ಟು ನೆನಪಿಗೂ ಬಂತು. ಮೊದಲಿಂದಲೂ ಇವನ ಮೇಲೆ ನನಗೊಂದು ಅನುಮಾನ ಇತ್ತು ಎಂದು ಜೊತೆಯವಳಿಗೆ ಹೇಳಿದೆ. ಇರಲಿಲ್ಲ.

ಮರುದಿನ ಮಲ್ಲಮ್ಮ ಕಚೇರಿಗೆ ಬಂದಳು. ಒಳಗೆ ಬರಲಿಲ್ಲ. ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಂಬಳಿ ಮಡಿಸಿ ಕೂತಿದ್ದಳು. ನಾನು ಹತ್ತಿರ ಹೋದ ಮೇಲೂ ಎದ್ದು ನಿಲ್ಲಲಿಲ್ಲ.

"ಬಾ ಸಿಐಡಿ. ಏನ್ ಬರ್ದೆ ನನ್ ಮಗನ ಮ್ಯಾಲೆ?"

"ನಾನು ಕಂಡದ್ದು ಬರೆದೆ, ಮಲ್ಲಮ್ಮಾ."

"ಏನ್ ಕಂಡೆ?"

"ನಿನ್ನನ್ನ ತಳ್ಳಿದ. ಬೈದ."

"ಏನಂತ ಬೈದ?"

ಅವಳೇ ಮುಂದುವರಿಸಿದಳು. "ಆ ಸಾರು ಬಂದು ಕೇಳ್ದ, ನಿನ್ ಮಗ ಸಾಕು ಅಂದ್ನಾ ಅಂತ. ಊಂ ಅಂದೆ. ಸುಳ್ ಹೇಳ್ಲಾ? ಅಂದದ್ದು ನಿಜ. ಅದ್ಕೆ ಜೀಪ್ ತಂದ್ರು. ಉಣ್ಣೋವಾಗ ಸಾಕು ಅಂದ್ರೆ ಜೈಲೇನವ್ವಾ ನಿಮ್ಮ ಗೌರ್ಮೆಂಟ್ನಲ್ಲಿ? ಇನ್ನೇನ್ ಅನ್ಬೇಕಿತ್ತು? ಇನ್ನೊಂದ್ ಆಕು ಅನ್ಬೇಕಿತ್ತಾ?"

ನನ್ನ ಮೊದಲ ಯೋಚನೆ, ತಾಯಿಯಲ್ಲವಾ, ಮಗನಿಗಾಗಿ ಸುಳ್ಳು ಕಟ್ಟುತ್ತಿದ್ದಾಳೆ ಎಂದು. ಅಷ್ಟು ವರ್ಷದ ಅಭ್ಯಾಸ. ನೋಟುಬುಕ್ಕು ತೆಗೆದು ಅವಳಿಗೆ ಓದಿ ಹೇಳುತ್ತೇನೆ, ಆಗ ಬಾಯಿ ಮುಚ್ಚುತ್ತಾಳೆ ಎಂದುಕೊಂಡೆ. ಗಟ್ಟಿಯಾಗಿ ಓದಲು ಶುರು ಮಾಡಿದೆ. ಆ ಮಾತು ಬಂದಾಗ ನಾಲಗೆ ತಾನಾಗಿಯೇ ಮನೆಯ ಮಾತಿಗೆ ತಿರುಗಿತು. 'ಸಾಕು' ಎಂದು ಓದಿದೆ. ನಿಂತುಬಿಟ್ಟೆ. ಚೆಲ್ಲಿದ ಸಾರು, ತಟ್ಟೆಯಲ್ಲಿದ್ದ ಮೂರನೆಯ ಮುದ್ದೆ, "ನಿನ್ ಹಸಿವ್ ನಿಂಗೇ ಗೊತ್ತಿಲ್ಲ" ಎಂದ ಮಲ್ಲಮ್ಮ, ಎಲ್ಲವೂ ಒಟ್ಟಿಗೆ ಬಂದವು. ಅಲ್ಲಿಯೇ ಸೈಕಲ್ಲುಗಳ ನಡುವೆ ನೆಲದ ಮೇಲೆ ಕೂತೆ.

"ಯಾಕ್ ಕೂತೆ?" ಎಂದಳು ಮಲ್ಲಮ್ಮ.

ಹೇಳಿದೆ. ಅಕ್ಷರದ ವಿಷಯ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಕೊನೆಯಲ್ಲಿ, "ಅಂಗಾದ್ರೆ ತೆಪ್ಪು ಅವುಂದಲ್ಲ, ನಿಂದು" ಎಂದಳು. ಹೌದು ಎಂದೆ. "ಓಗಿ ಏಳು ಅವ್ರಿಗೆ."

ಹೋಗಿ ಹೇಳಿದೆ. ಸಾರ್ ಕನ್ನಡಕ ತೆಗೆದು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಆ ನೋಟವನ್ನು ನಾನು ಅವರಿಂದಲೇ ಕಲಿತು ಮನೆಮನೆಯಲ್ಲೂ ಬಳಸಿದ್ದೆ. "ಆ ಮುದುಕಿ ಬಂದು ಅತ್ತಳು. ಈಗ ನೀನು ಮಾತು ತಿರುಗಿಸುತ್ತಿದ್ದೀಯ" ಎಂದರು. "ನೀಯುಂ ಅಂದ ಆಳುದಾನೇ?" ನೀನೂ ಅವರ ಪೈಕಿಯವಳೇ ತಾನೇ. ಮೂರು ಜನ ಒಪ್ಪಿದ್ದಾರೆ ಎಂದರು. ಬರಹ ನಿನ್ನದೇ ಎಂದರು. ಮೂರು ಜನರೂ ಬೇರೆ ಮಾತಿಗೆ ಒಪ್ಪಿದ್ದಾರೆ ಎಂದು ಹೇಗೆ ತೋರಿಸುವುದು? ನಾನು ಏನು ಹೇಳಿದರೂ ಅದು ಕನ್ನಡದವಳು ಹೇಳಿದ್ದಾಗುತ್ತಿತ್ತು.

"ಒಂದು ಸಲ ಅವನು ಊಟ ಮಾಡುವುದನ್ನು ನೋಡಿ ಸಾರ್" ಎಂದೆ. "ಅವನನ್ನು ಏನೂ ಕೇಳಬೇಡಿ. ನನ್ನನ್ನೂ ಕೇಳಬೇಡಿ. ನೋಡಿ ಸಾಕು."

ನನ್ನ ಬಾಯಿಂದ ಅದೇ ಮಾತು ತಮಿಳಿನಲ್ಲಿ 'ಪೋದುಂ' ಎಂದು ಬಂದದ್ದನ್ನು ಅವರು ಗಮನಿಸಲಿಲ್ಲ, ನಾನು ಗಮನಿಸಿದೆ. ಒಂದು ವಾರ ಬಿಟ್ಟು ಒಂದು ಬೆಳಿಗ್ಗೆ ಅವರು, "ಸೇಲಂ ಬಸ್ಸಿಗೆ ನಡಿ" ಎಂದರು. ಅವರನ್ನು ನಾನು ಇಂದಿಗೂ ಗೌರವಿಸುವುದು ಆ ಒಂದು ಬಸ್ಸಿಗಾಗಿ.

ಸೇಲಂನ ಆಸ್ಪತ್ರೆಯಲ್ಲಿ ಊಟದ ಹೊತ್ತು. ಬೀರ ಸಾಲಿನಲ್ಲಿ ಕೂತಿದ್ದ, ತಲೆ ಬೋಳಿಸಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದ. ಬಡಿಸುವವನು ಬಕೆಟ್ಟು ಹಿಡಿದು ಬರುತ್ತಿದ್ದ, ಮೆಟ್ಟೂರು ಕಡೆಯ ಹಿರಿಯ. ಒಂದು ಸೌಟು ಅನ್ನ ಹಾಕಿದ. ಎರಡನೆಯದು ಹಾಕಿದ. ಮೂರನೆಯ ಸೌಟು ತಟ್ಟೆಯ ಮೇಲೆ ಬಂದಾಗ ಬೀರ, "ಸಾಕು" ಎಂದ. ಸಾರ್ ನನ್ನ ಮೊಣಕೈ ಹಿಡಿದು, "ನೋಡಿದೆಯಾ, ಮತ್ತೆ ಅಂದ!" ಎಂದರು. ಅವರ ಕಿವಿಗೆ ಆಗಲೂ ಸಾವೇ ಕೇಳಿಸಿತ್ತು.

ಆದರೆ ಸೌಟು ನಿಂತಿತು. ಬಡಿಸುವವನು, "ಪೋದುಮಾ? ಸರಿ" ಎಂದು ಅನ್ನವನ್ನು ಬಕೆಟ್ಟಿಗೆ ವಾಪಸು ಸುರಿದು ಮುಂದಿನ ತಟ್ಟೆಗೆ ಹೋದ.

ಸಾರ್ ನನ್ನ ಮೊಣಕೈ ಬಿಟ್ಟರು. ಸೌಟಿನ ಹಿಂದೆಯೇ ನೋಡುತ್ತ ನಿಂತರು. ವಾಪಸು ಬರುವಾಗ ಬಸ್ಸು ತೊಪ್ಪೂರಿನ ತಿರುವುಗಳಿಗೆ ಬಂತು. ಅಲ್ಲಿ ಒಂದು ಲಾರಿ ಉದ್ದಕ್ಕೆ ಹಾರನ್ ಹಾಕಿತು. "ಇದಾ ಅವನಿಗೆ ಕೇಳಿಸುತ್ತಿದ್ದದ್ದು?" ಎಂದರು. ಹೌದು ಎಂದೆ. "ನಮಗೂ ಕೇಳಿಸುತ್ತದೆ, ಅಲ್ಲವಾ" ಎಂದರು. ಕ್ಷಮೆ ಅನ್ನುವ ಮಾತು ಅವರಿಂದ ಬರಲಿಲ್ಲ. ಕಚೇರಿಯಲ್ಲಿ ರಿಜಿಸ್ಟರು ತೆಗೆದು, ನನ್ನ ಎರಡು ಮಾತಿನ ಮೇಲೆ ಕೆಂಪು ಪೆನ್ನಿನಲ್ಲಿ 'ಪೋದುಂ' ಎಂದು ಬರೆದು ಸಹಿ ಹಾಕಿದರು. ಗೋಡೆಯ ಮೇಲಿನ ಕಾಗದವನ್ನು ಮಾತ್ರ ತೆಗೆಯಲಿಲ್ಲ.

ತಪ್ಪು ಒಂದು ಗಳಿಗೆಯದು, ತಿದ್ದುಪಡಿ ನಾಲ್ಕು ತಿಂಗಳದು. ವರದಿ ಕೋರ್ಟಿಗೆ ಹೋಗಿಯಾಗಿತ್ತು. ಜೀಪಿನಲ್ಲಿ ಹೋದವನು ಕಾಗದದ ಹೆಜ್ಜೆಯಲ್ಲಿ ವಾಪಸು ಬರಬೇಕಿತ್ತು. ಬಂದ ಮೇಲೆ ಮೊದಲ ಸಲ ನಾನು ಹೋದಾಗ ವಾಡಿಕೆಯಂತೆ ಚೀಲ ಇಳಿಸಿದೆ. ಅವನು ಛತ್ರಿ, ಡಬ್ಬಿ, ಯಾವುದನ್ನೂ ಮುಟ್ಟಲಿಲ್ಲ. ಪೆನ್ನನ್ನು ಮಾತ್ರ ನೋಡಿದ.

ಊಟಕ್ಕೆ ಕೂತ. ಮಲ್ಲಮ್ಮ ಎರಡನೆಯ ಮುದ್ದೆ ಹಾಕಿದಳು. ಮೂರನೆಯದು ತಂದಾಗ ಬೀರ ಬಾಯಿ ಬಿಡಲಿಲ್ಲ. ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದ. "ಬಾಯಲ್ಲಿ ಏಳಲಾ" ಎಂದಳು ತಾಯಿ. ಅವನು ನನ್ನ ಕಡೆ ನೋಡುತ್ತ ಕೈಯನ್ನು ಹಾಗೆಯೇ ಹಿಡಿದಿದ್ದ. ಅಂದಿನಿಂದ ಅವನು ಯಾರ ಮುಂದೆಯೂ ಆ ಮಾತು ಆಡಲಿಲ್ಲ. ಅನ್ನಕ್ಕೂ ಕೈ, ನೀರಿಗೂ ಕೈ, ಹೊದಿಸಿದ ಕಂಬಳಿಗೂ ಕೈ. ಹೊಸ ಡಾಕ್ಟರು ಇದು ಕಾಯಿಲೆಯ ಲಕ್ಷಣವಾ ಎಂದು ಕೇಳಿದರು. ಅಲ್ಲ ಎಂದೆ. ಲಾರಿಯ ಮೇಲಿನ ಅನುಮಾನ ಕಾಯಿಲೆ, ಅದಕ್ಕೆ ಮಾತ್ರೆ ಇತ್ತು. ಇದಕ್ಕೆ ಕಾರಣ ನಾನು.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಹೊಸೂರಿನಿಂದ ಮಕ್ಕಳ ಕನ್ನಡ ಪುಸ್ತಕ ತಂದು ಮೂವತ್ತು ದಾಟಿದ ವಯಸ್ಸಿನಲ್ಲಿ ಅಕ್ಷರ ತಿದ್ದಿದೆ. ಇದನ್ನು ಬರೆಯುತ್ತಿರುವ ಅಕ್ಷರಗಳು ಅವೇ. ಎರಡನೆಯದು, ನನ್ನ ನೋಟುಬುಕ್ಕಿನಲ್ಲಿ ಮೂರು ಗೆರೆ ಎಳೆದೆ. ಮೊದಲ ಕಡೆ ಆಡಿದ ಮಾತು, ಆಡಿದವರ ಅಕ್ಷರದಲ್ಲಿ. ಎರಡನೆಯ ಕಡೆ ಆಗ ಅವರ ಕೈ ಏನು ಮಾಡುತ್ತಿತ್ತು. ಮೂರನೆಯ ಕಡೆ ಅರ್ಥ. ಅರ್ಥವನ್ನು ಕೊನೆಗೆ ಬರೆಯಬೇಕು, ಗೊತ್ತಿದ್ದರೆ ಮಾತ್ರ ಬರೆಯಬೇಕು. ದಶಕದ ಕೊನೆಗೆ ಅಚ್ಚು ಹಾಕಿದ ಫಾರಂ ಬಂತು. ಕೋಪ: ಇದೆ, ಇಲ್ಲ, ಹೆಚ್ಚು, ಒಂದಕ್ಕೆ ಗುರುತು ಹಾಕಬೇಕು. ಈಗ ನಿಮ್ಮ ಕೈಯಲ್ಲಿ ಇನ್ನೂ ಚುರುಕಾದ ಯಂತ್ರಗಳಿವೆಯಂತೆ. ನಾನು ಅವುಗಳನ್ನು ದೂರುವುದಿಲ್ಲ. ಆದರೆ ಯಾವ ಫಾರಂನಲ್ಲೂ ಕೈಗೆ ಜಾಗ ಇಲ್ಲದ್ದನ್ನು ಕಂಡಾಗ ನನಗೆ ಅನುಮಾನ ಬರುತ್ತದೆ. ಅನುಮಾನ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಊದಿದ ಆ ಕೈ ಇನ್ನೂ ನನ್ನ ಕಣ್ಣ ಮುಂದಿದೆ. ನಿಮ್ಮ ಕೈಬರಹವನ್ನು ಮೊದಲು ಅನುಮಾನಿಸಿ ಎನ್ನುತ್ತೇನೆ.

ಮಲ್ಲಮ್ಮ ಹೋಗಿ ಬಹಳ ವರ್ಷವಾಯಿತು. ಕೊನೆಯವರೆಗೂ ನನ್ನನ್ನು ಸಿಐಡಿ ಎಂದೇ ಕರೆದಳು. ಆದರೆ ಒಮ್ಮೆಯೂ ಊಟ ಹಾಕದೆ ಕಳಿಸಲಿಲ್ಲ. ಅವಳ ನಂತರ ಬೀರನನ್ನು ಅವನ ಅಕ್ಕ ನೋಡಿಕೊಂಡಳು. ಕೋರ್ಟಿನ ಷರತ್ತು ಎಂದೋ ಮುಗಿದಿತ್ತು, ನನ್ನ ನೌಕರಿಯೂ ಮುಗಿಯಿತು. ನಾನು ಹೋಗುವುದನ್ನು ಬಿಡಲಿಲ್ಲ. ಚೀಲವನ್ನು ಅವನ ಮುಂದೆ ಇಳಿಸುತ್ತಿದ್ದೆ. ಪೆನ್ನು ಒಯ್ಯುತ್ತಿರಲಿಲ್ಲ. ಅವನು ಚೀಲದ ಬಾಯಿ ತೆರೆದು ಒಳಗೆಲ್ಲ ಕೈಯಾಡಿಸಿ, ಪೆನ್ನು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಕುರಿಯ ವಿಷಯ ಮಾತಾಡುತ್ತಿದ್ದ.

ಈ ಸಲ ಅವನಿಗೆ ಎದೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನಾನು ಹೋದಾಗ ಅಕ್ಕ ರಾಗಿಗಂಜಿ ಕಾಸಿ ಕೊಟ್ಟಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದೆ. ಒಂದು ಚಮಚ, ಎರಡು ಚಮಚ. ಮೂರನೆಯದನ್ನು ಎತ್ತಿದಾಗ ಕಂಬಳಿಯ ಮೇಲಿದ್ದ ಅವನ ಎಡಗೈ ಅಲುಗಿತು. ಬೆರಳುಗಳು ಸ್ವಲ್ಪ ಎದ್ದವು. ಕೈ ಏಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ. ಏಳಲಿಲ್ಲ. ನನ್ನ ಮುಖ ನೋಡಿದ.

"ಸಾಕು" ಎಂದ.

ನಾನು ಚಮಚ ನಿಲ್ಲಿಸಿದೆ. ಗಂಜಿಯನ್ನು ಬಟ್ಟಲಿಗೆ ವಾಪಸು ಸುರಿದೆ. ಅಕ್ಕ ಒಳಗಿಂದ, "ಏನಂದ? ಏನೋ ಅಂದ್ನಲ್ಲ?" ಎಂದು ಓಡಿ ಬಂದಳು. ಸಾಕು ಅಂದ ಎಂದೆ. "ಗಂಜಿ ಸಾಕಂತಾ?" ಎಂದಳು. ನನಗೆ ಉತ್ತರ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವನು ಹೋದ.

ಅದನ್ನು ಇಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ. ಮೂರು ಗೆರೆ ಎಳೆದು ಈಗ ಬರೆಯುತ್ತಿದ್ದೇನೆ.

ಆಡಿದ ಮಾತು: ಸಾಕು.

ಕೈ: ಎಡಗೈ ಕಂಬಳಿಯ ಮೇಲಿತ್ತು. ಎರಡು ಸಲ ಏಳಲು ನೋಡಿತು.

ಅರ್ಥ: